ಮುಳುಗಿದ ಅಣೆಕಟ್ಟಿನ ಮೇಲೆ ಕಯಾಕ್ ಸವಾರಿ

ನೀರು ತಡೆಯಲೆಂದು ಕಟ್ಟಿದ ಅಣೆಕಟ್ಟೇ ನೀರಿನಲ್ಲಿ ಮುಳುಗಿದ್ದನ್ನು ನೋಡಬೇಕಾದರೆ ಸಾಗರ ತಾಲ್ಲೂಕಿಗೆ ಬರಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಏಪ್ರಿಲ್ ದಾಟುತ್ತಿದ್ದಂತೆ ಶರಾವತಿ ಹಿನ್ನೀರು ತಳಕಾಣತೊಡಗಿ, ಮಡೆನೂರಿನ ಬಳಿ ಉದ್ದನೆಯ ಗೋಡೆಯೊಂದು ತಲೆ ಎತ್ತುತ್ತದೆ. ಅದರ ಜೊತೆಗೇ ಗುಮ್ಮಟದ ಮುಚ್ಚಳ ಹೊತ್ತ ದುಂಡನೆಯ ದೈತ್ಯ ಕೊಳವೆಗಳೂ ಮೇಲೆ ಬರುತ್ತವೆ. ಇದೇ ಹಿರೇಭಾಸ್ಕರ ಅಣೆಕಟ್ಟು. ಊರಿನವರ ಬಾಯಲ್ಲಿ ಮಡೆನೂರು ಡ್ಯಾಮ್.

ರಜೆಗೆ ಬಂದ ಸಂಸಾರಗಳು ಇಂದು ಕಿತ್ತಳೆ ಬಣ್ಣದ ಲೈಫ್‌ಜಾಕೆಟ್ ತೊಟ್ಟು ಕಯಾಕ್ ಹತ್ತುವ ಈ ಹಿನ್ನೀರಿನ ಚರಿತ್ರೆ ಶುರುವಾಗುವುದು ಆ ಗೋಡೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಗಾಲದಲ್ಲಿ, 1939ರ ಸುಮಾರಿಗೆ, ಜೋಗದ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ ಆರಂಭವಾಯಿತು. ನಡುವೆ ಮಹಾಯುದ್ಧ ಬಂದು ಎಲ್ಲವೂ ನಿಧಾನವಾಯಿತು. ದೀಪ ಹೊತ್ತುವ ಹೊತ್ತಿಗೆ 1948 ಬಂದಿತ್ತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಹುಟ್ಟಿದ ವಿದ್ಯುದಾಗಾರ ಮುಂದೆ ಮಹಾತ್ಮ ಗಾಂಧಿ ವಿದ್ಯುದಾಗಾರವಾಯಿತು.

ಆ ಅಣೆಕಟ್ಟಿನ ನಿಜವಾದ ಸೋಜಿಗವೆಂದರೆ ಗುಮ್ಮಟದ ಕೊಳವೆಗಳು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್ ಅದು. ಗೇಟಿಲ್ಲ, ಗೇಟು ಎತ್ತುವವನೂ ಇಲ್ಲ. ಜಲಾಶಯ ತುಂಬಿ ನೀರು ಕೊಳವೆಯ ಅಂಚು ದಾಟಿತೆಂದರೆ ಸುಳಿಯಾಗಿ ತಿರುಗುತ್ತ ಒಳಗಿಳಿಯುತ್ತದೆ; ಇಳಿಯುವಾಗ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದ ಕ್ಷಣದಿಂದ ಕೊಳವೆ ತುಂಬ ನೀರು ತಾನಾಗಿ ಹೀರಲ್ಪಟ್ಟು ಹೊರಗೆ ಧುಮುಕುತ್ತದೆ. ಮಟ್ಟ ಇಳಿದು ಮತ್ತೆ ಗಾಳಿ ನುಗ್ಗಿದರೆ ತಾನಾಗಿಯೇ ನಿಲ್ಲುತ್ತದೆ. ನಡುರಾತ್ರಿ ನೆರೆ ಬಂದರೂ ಯಾರನ್ನೂ ಎಬ್ಬಿಸಬೇಕಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕೋಡಿ ಬೀಳುವುದನ್ನು ನೋಡಿದವರಿಗೆ ಸೈಫನ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಜಾಣತನದ ಕಟ್ಟಡಕ್ಕೆ ದಕ್ಕಿದ ಆಯುಷ್ಯ ಹದಿನಾರೇ ವರ್ಷ. ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. 1964ರಲ್ಲಿ ನೀರು ನಿಂತಾಗ ಹೊಲ, ಮನೆ, ಅಡಿಕೆ ತೋಟ, ದೇವಸ್ಥಾನಗಳ ಜೊತೆ ಹಳೆಯ ಅಣೆಕಟ್ಟೂ ಒಳಗೆ ಹೋಯಿತು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಸಾಮರ್ಥ್ಯ 151 ಟಿಎಂಸಿ ಅಡಿಗೂ ಮೇಲೆ. ಮೂರು ಕನ್ನಂಬಾಡಿಗಳನ್ನು ಒಂದೆಡೆ ಸುರಿದಷ್ಟು ನೀರು. ದಡದಲ್ಲಿ ನಿಂತ ಮಕ್ಕಳು ಇದನ್ನು ಸಮುದ್ರ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಆಚೆ ದಡ ಒಂದೇ ಸಲಕ್ಕೆ ಕಾಣುವುದಿಲ್ಲ, ಮಧ್ಯಾಹ್ನದ ಗಾಳಿಗೆ ತೆರೆಯೂ ಏಳುತ್ತದೆ.

ಈ ನೀರಿನ ಮೇಲೆ ಮನುಷ್ಯರು ತಿರುಗಾಡಿದ್ದು ಮೊದಲು ಮೋಜಿಗಲ್ಲ, ಗತಿಯಿಲ್ಲದೆ. ಕರೂರು, ಬಾರಂಗಿ ಹೋಬಳಿಗಳ ಜನ ತಮ್ಮದೇ ತಾಲ್ಲೂಕು ಕೇಂದ್ರದಿಂದ ಕಡಿದುಹೋದರು. ಆಚೆ ದಡದ ತುಮರಿಯವರಿಗೆ ಸಾಗರದ ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲವೂ ನೀರಿನಾಚೆ. ಹೊಳೆಬಾಗಿಲಿನ ಲಾಂಚ್ ಬಂದದ್ದು ಈ ಅಗತ್ಯಕ್ಕೆ. ಒಳನಾಡು ಜಲಸಾರಿಗೆ ಇಲಾಖೆಯ ಆ ಲಾಂಚು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಸಾಗಿಸಿತು. ಸಿಗಂದೂರು ಚೌಡೇಶ್ವರಿಯ ಹೆಸರು ಹಬ್ಬಿದ ಮೇಲೆ ಹೊರ ಜಿಲ್ಲೆಗಳ ಭಕ್ತರು ಕಾರಿನ ಸಾಲಿನಲ್ಲಿ ಕಾದು ಹತ್ತಿದರು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದು ಬಂದ್ ಆಗುತ್ತಿತ್ತು. ಕೊನೆಯ ಲಾಂಚ್ ತಪ್ಪಿದರೆ ಅಂದಿನ ರಾತ್ರಿ ಈಚೆ ದಡದಲ್ಲೇ.

ಈ ಬದುಕನ್ನು ಕನ್ನಡ ಸಾಹಿತ್ಯದೊಳಗೆ ತಂದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ ಯೋಜನೆಯನ್ನು ಒಳಗಿನಿಂದಲೇ ಕಂಡವರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದದೆ ಹಿನ್ನೀರಿಗೆ ಬಂದವರು ನೋಡುವುದು ನೀರನ್ನಷ್ಟೇ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಿತ್ರವಾಗಿಸಿದರು, ಸ್ವರ್ಣಕಮಲವೂ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಸೇತುವೆಯನ್ನು ಅವರೊಮ್ಮೆ ದಾಟಬೇಕಿತ್ತು.

ಇನ್ನು ಕಯಾಕ್. ಮೂಲದಲ್ಲಿ ಅದು ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಮೊದಲಾದ ಜನರ ಬೇಟೆಯ ದೋಣಿ: ಮರ ಅಥವಾ ಮೂಳೆಯ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ, ಒಬ್ಬನೇ ಸೊಂಟದವರೆಗೆ ಒಳಗೆ ಹುದುಗಿ ಕೂರುವಂಥದು. ಮಗುಚಿದರೆ ಹಿಮದ ನೀರು. ಹಾಗಾಗಿ ತಲೆಕೆಳಗಾದರೂ ಹೊರಬರದೆ ಮತ್ತೆ ಮೇಲೆ ತಿರುಗುವ ವಿದ್ಯೆಯನ್ನೂ ಅವರು ಕಲಿತಿದ್ದರು. ರಜೆಗೆ ಬಂದ ಸಂಸಾರಕ್ಕೆ ಒಗ್ಗುವ ದೋಣಿ ಅದಲ್ಲ. ಅದನ್ನು ಒಗ್ಗಿಸಿದವರು ಕ್ಯಾಲಿಫೋರ್ನಿಯಾದ ಟಿಮ್ ನೀಮಿಯರ್. 1970ರ ದಶಕದ ಆರಂಭದಲ್ಲಿ, ಮಾಲಿಬು ತೀರದಲ್ಲಿ, ಈಜುಮುಳುಗಿನ ಸಾಮಾನು ಇಟ್ಟುಕೊಳ್ಳಲು ಸರ್ಫ್ ಹಲಗೆಯೊಂದನ್ನು ಕೊರೆದು ಅವರು ಮೇಲೆಯೇ ಕೂರುವ ಕಯಾಕಿಗೆ ದಾರಿ ಮಾಡಿದರು. ತಳದಲ್ಲಿ ತೂತುಗಳಿರುವುದರಿಂದ ಒಳಗೆ ಬಿದ್ದ ನೀರು ತಾನೇ ಹರಿದುಹೋಗುತ್ತದೆ. ಮಗುಚಿದರೆ ಸವಾರ ಸಿಕ್ಕಿಕೊಳ್ಳುವುದಿಲ್ಲ, ಪಕ್ಕಕ್ಕೆ ಬೀಳುತ್ತಾನೆ. ದೋಣಿ ನೇರ ಮಾಡಿ ಹೊಟ್ಟೆಯ ಮೇಲೆ ಮಲಗಿ ಮತ್ತೆ ಹತ್ತಬಹುದು. ತಯಾರಿಕೆಯೂ ಸುಲಭ. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ ಬಿಸಿಯಲ್ಲಿ ತಿರುಗಿಸಿದರೆ ಟೊಳ್ಳಾದ ದೋಣಿ ಸಿದ್ಧ. ನಮ್ಮ ತಾರಸಿಯ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಹುಟ್ಟುವುದೂ ಹೀಗೇ. ಹೊಟೇಲಿನವರಿಗೂ ರೆಸಾರ್ಟಿನವರಿಗೂ ಅದು ಅಷ್ಟು ಬೇಗ ದಕ್ಕಿದ್ದರ ಗುಟ್ಟು ಇಲ್ಲಿದೆ.

ಶರಾವತಿ ಹಿನ್ನೀರಿಗೆ ದೋಣಿ ಕಲಿಸುವ ಚಟುವಟಿಕೆ ತಂದವರೆಂದರೆ ಹೊನ್ನೆಮರಡುವಿನ ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿಟೊ ಕಾಮ್‌ದಾರ್. ಅವರ ‘ದಿ ಅಡ್ವೆಂಚರರ್ಸ್’ ಶಿಬಿರ ಸಾಗರದಿಂದ ಸುಮಾರು 25 ಕಿಲೋಮೀಟರ್ ದೂರದ ಈ ಹಳ್ಳಿಯ ನೀರಂಚಿನಲ್ಲಿ ನೆಲೆಯೂರಿತು. ಹರಿಗೋಲು, ಕನೂ, ಕಯಾಕ್, ನಡುಗಡ್ಡೆಯಲ್ಲಿ ರಾತ್ರಿ ವಾಸ. ಎಷ್ಟೋ ಕಾಲೇಜು ಹುಡುಗ ಹುಡುಗಿಯರು ಮೊದಲ ಬಾರಿ ಹುಟ್ಟು ಹಿಡಿದದ್ದು ಇಲ್ಲಿ. ಈ ಜಾಗದ ಬೆಲೆ ಏನೆಂದರೆ ದೋಣಿಯನ್ನು ಬಾಡಿಗೆಯ ಸಾಮಾನಾಗಿ ನೋಡದೆ ಕಲಿಕೆಯಾಗಿ ನೋಡಿದ್ದು. ಈಗ ರಾಜ್ಯದ ಬಹುತೇಕ ಕಡೆ ‘ಕಯಾಕಿಂಗ್’ ಎಂದರೆ ಅರ್ಧ ಗಂಟೆಯ ಟಿಕೆಟ್ಟು ಮತ್ತು ಮೊಬೈಲಿನಲ್ಲಿ ನಾಲ್ಕು ಫೋಟೊ.

ಘಟ್ಟ ಇಳಿದರೆ ಅದರ ಇನ್ನೊಂದು ಮುಖ. ಕುಂದಾಪುರದ ಕಡೆಯಿಂದ ಉಡುಪಿಗೆ ಹೋಗುವಾಗ ಸಿಗುವ ಸಾಲಿಗ್ರಾಮದ ಬಳಿ, ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ಸಂದಿನಲ್ಲಿ ಕಯಾಕ್ ನಡೆಸಬಹುದು. ಸಮುದ್ರ ಕೂಗಳತೆಯಲ್ಲಿದ್ದರೂ ನೀರು ಶಾಂತ. ನೇರವಾಗಿ ಕಡಲಿಗೆ ಇಳಿಯುವುದು ಬೇರೆಯೇ ವಿದ್ಯೆ. ತೆರೆ ಒಡೆಯುವ ಜಾಗ ದಾಟುವವರೆಗೆ ದೋಣಿಯ ಮೂತಿ ತೆರೆಗೆ ಎದುರಾಗಿಯೇ ಇರಬೇಕು. ಅಡ್ಡ ತಿರುಗಿತೆಂದರೆ ಉರುಳುತ್ತದೆ. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿದ್ದರೆ ತೀರದ ಬಳಿ ನೀರು ಸಪಾಟಾಗಿ ಕಾಣುತ್ತದೆ, ಸಂಸಾರವನ್ನು ಸದ್ದಿಲ್ಲದೆ ದೂರಕ್ಕೂ ಒಯ್ಯುತ್ತದೆ. ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದರೆ ದಡಕ್ಕೆ ಬರುವುದು ಸುಲಭ, ಆದರೆ ತೆರೆ ಒರಟು. ಹೊನ್ನಾವರ, ಕಾರವಾರದ ಕಡೆ ಪಾತಿ ದೋಣಿಯಲ್ಲಿ ಮೀನಿಗೆ ಹೋಗುವವರಿಗೆ ಇದೆಲ್ಲ ಬಾಲ್ಯದಲ್ಲೇ ಬಂದ ಜ್ಞಾನ. ಅವರನ್ನೇ ಕೇಳದೆ, ಗೋವಾದ ವಿಡಿಯೊ ನೋಡಿ ಕಡಲಿಗೆ ಇಳಿಯುವವರನ್ನು ಕಂಡರೆ ಕೋಪ ಬರುವುದು ಸಹಜ.

ಜೂನ್ ಬಂದರೆ ಕಡಲಿನ ಬಾಗಿಲು ಮುಚ್ಚುತ್ತದೆ; ಯಾಂತ್ರಿಕ ದೋಣಿಗಳಿಗೂ ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧ. ಹಿನ್ನೀರಿನ ಲೆಕ್ಕ ಬೇರೆ. ಮಳೆಗಾಲದಲ್ಲಿ ಅದು ತುಂಬುತ್ತದೆ, ದಸರಾ ರಜೆಯ ಹೊತ್ತಿಗೆ ದಂಡೆ ತಲುಪುತ್ತದೆ. ಮೊದಲ ಸಲ ಹುಟ್ಟು ಹಿಡಿಯುವ ಮಕ್ಕಳಿಗೆ ಆಗ ಇಳಿಯುವುದು ಲೇಸು. ಕಡಲಿನಂಥ ಅಲೆಯಿಲ್ಲ, ಉಬ್ಬರ ಇಳಿತವಿಲ್ಲ. ಬೇಸಿಗೆ ರಜೆಯಲ್ಲಿ ಬಂದರೆ ನೀರು ಮುಟ್ಟಲು ಕೆಸರು ದಂಡೆಯ ಮೇಲೆ ಕಯಾಕನ್ನು ಎಳೆದುಕೊಂಡು ಹೋಗಬೇಕು. 1964ರಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನಡಿ ಸ್ವಲ್ಪವೇ ಕೆಳಗೆ ನಿಂತಿರುತ್ತವೆ. ತಗುಲಿದರೆ ದೋಣಿ ಮಗುಚುವುದೂ ಉಂಟು.

ಬೊಡ್ಡೆಗಳು ಕಾಣುವ ಕಾಲದಲ್ಲೇ ಹಿರೇಭಾಸ್ಕರ ಮೇಲೆ ಬರುವುದು. ದೋಣಿಗೆ ಒಳ್ಳೆಯ ದಿನಗಳಲ್ಲಿ ಅಣೆಕಟ್ಟು ಕಾಣದು. ಅಣೆಕಟ್ಟು ಕಾಣುವ ದಿನಗಳಲ್ಲಿ ದೋಣಿಗೆ ನೀರು ಸಾಲದು. ದಸರಾಕ್ಕೆ ಬಂದು ಹುಟ್ಟು ಹಾಕಿ ಹೋದವರು ಗಣೇಶ್ ಅಯ್ಯರರ ಹೆಸರು ಕೇಳದೆಯೇ ಊರಿಗೆ ಮರಳುತ್ತಾರೆ. ಲೈಫ್‌ಜಾಕೆಟ್ಟಿನ ಪಟ್ಟಿ ಬಿಗಿಯುವ ಎರಡು ನಿಮಿಷದಲ್ಲಿ ಮಕ್ಕಳಿಗೆ ಆ ಸೈಫನ್ನಿನ ಕಥೆ ಹೇಳಬಹುದು. ಅಲ್ಲಿಂದ ಎದ್ದು ಹೋದವರ ಕಥೆಗೆ ಮಾತ್ರ ಎರಡು ನಿಮಿಷ ಸಾಲದು: ಹಿನ್ನೀರಿಗೆ ಜಾಗ ಬಿಟ್ಟು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಿಗೆ ಹೋಗಿ ನೆಲೆಸಿದ ಎಷ್ಟೋ ಕುಟುಂಬಗಳು ಆರು ದಶಕಗಳ ನಂತರವೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಲೇ ಇವೆ.