ಪರಿಹಾರದ ಹಣವೂ ಪಹಣಿಯ ಹೆಸರೂ

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಲ್ಪಟ್ಟ ಹೊಸ ತೆನೆಯನ್ನು ಮನೆಗೊಯ್ದು, ಕುಟುಂಬದವರೆಲ್ಲ ಕೂಡಿ ಹೊಸತು ಉಣ್ಣುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯ. 2020ರಲ್ಲಿ ಈ ಹಬ್ಬ ಕಳೆದು 12 ದಿನಗಳಾಗಿದ್ದವಷ್ಟೇ. ಸೆಪ್ಟೆಂಬರ್ 20ರ ರವಿವಾರ ಸ್ವರ್ಣಾ ಹಾಗೂ ಸೀತಾ ನದಿಗಳು ಉಕ್ಕಿ ಹರಿದು, ಉಡುಪಿ, ಬ್ರಹ್ಮಾವರ ಪರಿಸರದ ಗದ್ದೆಗಳು ನೆರೆಯಲ್ಲಿ ಮುಳುಗಿದವು. ಬೈಂದೂರು ತಾಲೂಕಿನ ನಾವುಂದ, ನಾಡ, ಮರವಂತೆಗಳಲ್ಲಿ ಸೌಪರ್ಣಿಕಾ ನದಿ ಗದ್ದೆಗೆ ನುಗ್ಗುವುದೂ ಮಳೆಗಾಲದಲ್ಲಿ ಅಪರೂಪವಲ್ಲ.

ಇಂತಹ ಸಂದರ್ಭದಲ್ಲಿ ಸರಕಾರ ನೀಡುವ ಪರಿಹಾರಕ್ಕೆ ನಿಯಮಗಳಿವೆ. ಬೆಳೆ ನಷ್ಟ ಶೇ. 33ಕ್ಕಿಂತ ಕಡಿಮೆಯಿರಬಾರದು, ಗರಿಷ್ಠ ಮಿತಿ 2 ಹೆಕ್ಟೇರು. 2022–23ರಿಂದ 2025–26ರ ಅವಧಿಗೆ ಕೇಂದ್ರವು ಗೊತ್ತುಪಡಿಸಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಅದಕ್ಕೂ ಮುನ್ನ, 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ತನ್ನ ಪಾಲನ್ನು ಸೇರಿಸಿ ಮಳೆಯಾಶ್ರಿತ ಬೆಳೆಯ ಪರಿಹಾರವನ್ನು 6,800ರಿಂದ 13,600 ರೂ.ಗೆ ಏರಿಸಿದ್ದುಂಟು. ನಮ್ಮಲ್ಲಿ ಅನೇಕರ ಹಿಡುವಳಿಯಾದರೋ ಸೆಂಟ್ಸ್ ಲೆಕ್ಕದ್ದು. 8,500ರ ದರದಲ್ಲಿ 50 ಸೆಂಟ್ಸ್ ಗದ್ದೆಗೆ ದೊರಕುವುದು ಸುಮಾರು 1,720 ರೂ. ಉಳುಮೆಯ ಖರ್ಚಿಗೂ ಸಾಲದ ಈ ಮೊತ್ತವೂ ಕೈಗೆ ಬಾರದ ಮನೆಗಳಿವೆ ಎಂಬುದೇ ನಮ್ಮ ಚಿಂತೆಗೆ ಕಾರಣ.

ಕಂದಾಯ ಮತ್ತು ಕೃಷಿ ಇಲಾಖೆಯವರು ಜಂಟಿಯಾಗಿ ನಷ್ಟವನ್ನು ಪರಿಶೀಲಿಸಿ, ವಿವರವನ್ನು ‘ಪರಿಹಾರ’ ತಂತ್ರಾಂಶದಲ್ಲಿ ದಾಖಲಿಸುತ್ತಾರೆ. ಹಣವು ಪಹಣಿಯಲ್ಲಿ ಹೆಸರಿರುವವರ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಮಧ್ಯವರ್ತಿಗಳಿಲ್ಲದ ಈ ಕ್ರಮ ಒಳ್ಳೆಯದೇ. ಆದರೆ ಪಹಣಿಯಲ್ಲಿರುವ ಹೆಸರು ಯಾರದು?

1974ರ ಭೂಸುಧಾರಣೆಯಲ್ಲಿ ‘ಡಿಕ್ಲರೇಶನ್’ ಕೊಟ್ಟು ಭೂಮಿ ಪಡೆದ ಒಕ್ಕಲುಗಳಲ್ಲಿ ನಮ್ಮವರೂ ಇದ್ದರು. ಆ ತಲೆಮಾರಿನ ಅನೇಕರು ಇಂದು ನಮ್ಮೊಂದಿಗಿಲ್ಲ. ಮಕ್ಕಳಲ್ಲಿ ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿ. ಊರಲ್ಲುಳಿದವರು ಗದ್ದೆಗಿಳಿಯುತ್ತಾರೆ, ಪಹಣಿಯಲ್ಲಿ ಮಾತ್ರ ಮೃತ ತಂದೆಯ ಹೆಸರೇ ಉಳಿದಿದೆ. ಮೃತರಿಗೆ ಆಧಾರ್ ಜೋಡಿಸಿದ ಖಾತೆ ಎಲ್ಲಿಂದ ಬರಬೇಕು? ಬಾಯ್ಮಾತಿನ ಗೇಣಿಗೆ ಇತರರ ಗದ್ದೆ ಮಾಡುವವರ ಪಾಡು ಇನ್ನೂ ಕಷ್ಟದ್ದು. ಬೆವರು ಅವರದು, ಪರಿಹಾರ ಪಹಣಿದಾರರದು.

ನೆರೆ ಬಂದ ಬಳಿಕ ಕಚೇರಿಗೆ ಓಡಿ ಫಲವಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸುವ ಕೆಲಸ ಬೇಸಗೆಯಲ್ಲೇ ಆಗಬೇಕು. ಕಂದಾಯ ಇಲಾಖೆಯು 2025ರಲ್ಲಿ ಇ-ಪೌತಿ ಆಂದೋಲನವನ್ನೇ ಆರಂಭಿಸಿದೆ. ಹಳೆಯ ಮರಣಗಳ ವಿಷಯದಲ್ಲಿ ಇಗರ್ಜಿಯ ದಾಖಲೆ ಪುಸ್ತಕವೂ ಪೂರಕ ಆಧಾರವಾಗಬಲ್ಲದು. ‘ಫ್ರೂಟ್ಸ್’ ನೋಂದಣಿಯನ್ನೂ ಮಾಡಿಸಿಕೊಳ್ಳುವುದು ಲೇಸು. ಬೆಳೆ ಹಾಳಾದ ದಿನವೇ ಛಾಯಾಚಿತ್ರ ತೆಗೆದಿಟ್ಟು ಗ್ರಾಮ ಆಡಳಿತಾಧಿಕಾರಿಗೆ ತಿಳಿಸುವುದನ್ನು ಮರೆಯಬಾರದು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪ್ರತಿ ವಾಳೆಯಲ್ಲೂ ಓದುಬರಹ ಬಲ್ಲ ಯುವಜನರಿದ್ದಾರೆ. ಗುರಿಕಾರರು ಅವರನ್ನು ಕರೆದು, ಒಂಟಿ ವೃದ್ಧರ, ವಿಧವೆಯರ ಮನೆಯ ಪಹಣಿಯನ್ನು ನೋಡಿಸಿದರೆ ಅದೂ ಒಂದು ಸೇವೆಯೇ. ಹೊರನಾಡಿನ ಸಹೋದರರು ಒಂದು ಸಹಿ ಕಳುಹಿಸಿಕೊಟ್ಟರೆ ಊರಿನ ತಮ್ಮನ ಭಾರ ಎಷ್ಟೋ ಹಗುರಾಗುತ್ತದೆ. ಇತರರ ಗದ್ದೆಯಲ್ಲಿ ದುಡಿದವರ ಹಣ ನಮ್ಮ ಖಾತೆಗೆ ಬಂದಿದ್ದರೆ, ಅದನ್ನು ಅವರ ಮನೆಗೆ ಮುಟ್ಟಿಸಿ ಬರೋಣ. ಬಳಿಕ ಉಣ್ಣುವ ಹೊಸ ಅಕ್ಕಿಯ ಅನ್ನ ನಿಜಕ್ಕೂ ರುಚಿಸೀತು.