ಪರೀಕ್ಷೆಯ ಚೀಟಿ ಮತ್ತು ಮಗು ಎಂಬ ಅಮಾನತ್
ಶಾಲೆಗೆ ಹೆಸರು ಹಚ್ಚುವಾಗ ಮಗುವಿನ ಸಾಮರ್ಥ್ಯ ಪರೀಕ್ಷೆಯ ಚೀಟಿ ಕೈಗೆ ಬಂದರೆ ಗಾಬರಿಯಾಗಬೇಡಿರಿ. ‘ಪರ್ಸೆಂಟೈಲ್ 40’ ಎಂದರೆ ನೂರಕ್ಕೆ 40 ಅಂಕವಲ್ಲ. ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 40 ಮಕ್ಕಳಿಗಿಂತ ಮುಂದಿದೆ ಎಂದರ್ಥ. ಅದು ಸಾಧಾರಣ ಮಟ್ಟವೇ.

ಯಾವ ಭಾಷೆಯಲ್ಲಿ ಕೇಳಿದರು ಎಂದು ಮೊದಲು ವಿಚಾರಿಸಿರಿ. ನಮ್ಮ ಬಾಡಗಂಡಿ, ಬೀಳಗಿ ಕಡೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುವ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಬುದ್ಧಿಗಿಂತ ಇಂಗ್ಲಿಷಿನ ರೂಢಿಯೇ ಅಳತೆಯಾಗುತ್ತದೆ. ಜ್ವರ, ಅಂಜಿಕೆ, ನಿದ್ದೆಗೇಡು ಸಹ ಅಂಕೆಯನ್ನು ಇಳಿಸುತ್ತವೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಇಂಥ ಪರೀಕ್ಷೆ ರಚಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ, ಹೊರಗಿಡಲಿಕ್ಕಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ ದಂಡ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು. ಹಾಗೆಂದು ನಮ್ಮವರ ಶಾಲೆಗಳು ಚೀಟಿ ನೋಡಿ ಮಗುವನ್ನು ತಿರುಗಿಸಿ ಕಳಿಸುವುದು ತರವಲ್ಲ.

ಚೀಟಿಯಲ್ಲಿ ಕಡಿಮೆ ಕಂಡದ್ದನ್ನು ಯಾವ ಶಾಲೆ ತಾಳ್ಮೆಯಿಂದ ಕಲಿಸುತ್ತದೋ ಅದನ್ನು ಆರಿಸೋಣ. ಮಗು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ‘ದಡ್ಡ’ ಎಂಬ ಮಾತು ನಮ್ಮ ಮನೆಗಳಲ್ಲಿ ಅದರ ಕಿವಿಗೆ ಬೀಳದಿರಲಿ. ಆಮೀನ್.