ಮೊಂಟೋನೆ: ಯಶವಂತ ಘಾಡ್ಗೆಯನ್ನು ಮರೆಯದ ಗುಡ್ಡದೂರು

ಇಟಲಿಯ ಪೆರುಜಾ ನಗರದಿಂದ ಉತ್ತರಕ್ಕೆ ಹೊರಟರೆ ಟೈಬರ್ ನದಿಯ ಕಣಿವೆ ಜೊತೆಯಾಗುತ್ತದೆ. ಮುಂದೆ ರೋಮ್ ನಗರವನ್ನು ಹಾದು ಕಡಲು ಸೇರುವ ನದಿಯೇ ಇದು. ಇದೇ ಕಣಿವೆಯ ಗುಡ್ಡವೊಂದರ ನೆತ್ತಿಯಲ್ಲಿ, ಹಳೆಯ ಕೋಟೆಗೋಡೆಯ ಒಳಗೆ, ಮೊಂಟೋನೆ ಇದೆ. ಕಲ್ಲುಹಾಸಿನ ಕಿರುದಾರಿಗಳ ಪುಟ್ಟ ಊರು. ಮಧ್ಯಯುಗದ ದಂಡನಾಯಕ ಬ್ರಾಚ್ಚೋ ದಾ ಮೊಂಟೋನೆಯ ಹೆಸರಿನಿಂದ ಪ್ರವಾಸಿಗರಿಗೆ ಪರಿಚಿತ. ಆದರೆ ಬೆಳಗಾವಿಯ ಕಡೆಯವರು ಇಲ್ಲಿ ಮೊದಲು ಕೇಳಬೇಕಾದ ಹೆಸರು ನಾಯಕ್ ಯಶವಂತ ಘಾಡ್ಗೆ.

ಘಾಡ್ಗೆ ಹುಟ್ಟಿದ್ದು 1921ರಲ್ಲಿ, ಕೊಂಕಣದ ಮಾಣಗಾಂವ್ ತಾಲ್ಲೂಕಿನ ಹಳ್ಳಿಯಲ್ಲಿ. ಸೇರಿದ್ದು ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಕೇಂದ್ರ 1922ರಿಂದಲೂ ಬೆಳಗಾವಿಯಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗ ಅವರ ಪಾಲಿಗೆ ಬಂತು. 1944ರ ಜೂನ್‌ನಲ್ಲಿ ರೋಮ್ ಮಿತ್ರಪಡೆಗಳ ವಶವಾಯಿತು. ಹಿಂದೆ ಸರಿಯುತ್ತಿದ್ದ ಜರ್ಮನ್ನರು ಗುಡ್ಡಗುಡ್ಡಕ್ಕೂ ಮಷಿನ್‌ಗನ್ ಹೂಡಿ ತಡೆಯೊಡ್ಡಿದರು. ಜುಲೈ 10ರಂದು ಮೇಲಿನ ಟೈಬರ್ ಕಣಿವೆಯಲ್ಲಿ ಘಾಡ್ಗೆಯ ತುಕಡಿ ತೀರಾ ಹತ್ತಿರದಿಂದ ಗುಂಡಿನ ಸುರಿಮಳೆಗೆ ಸಿಕ್ಕಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಘಾಡ್ಗೆ ಒಬ್ಬರೇ ನುಗ್ಗಿದರು. ಗ್ರೆನೇಡ್ ಎಸೆದು ಗನ್ನನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಮುಗಿಸಿದರು. ಇನ್ನೊಬ್ಬನನ್ನು ಟಾಮಿಗನ್‌ನಿಂದ ಹೊಡೆದುರುಳಿಸಿದರು. ಮ್ಯಾಗಜೀನ್ ಬದಲಿಸಲು ಪುರುಸೊತ್ತಿರಲಿಲ್ಲ. ಬಂದೂಕಿನ ನಳಿಗೆ ಹಿಡಿದು, ಅದರ ಹಿಂಬದಿಯಿಂದಲೇ ಉಳಿದಿಬ್ಬರನ್ನು ಬಡಿದು ಕೆಡವಿದರು. ಆಗ ಮರೆಯಲ್ಲಿದ್ದ ಶತ್ರುಗಳ ಗುಂಡು ಎದೆಗೂ ಬೆನ್ನಿಗೂ ಬಿದ್ದು, ಗೆದ್ದ ಜಾಗದಲ್ಲೇ ಪ್ರಾಣ ಬಿಟ್ಟರು. ವಯಸ್ಸು 22. ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಅವರ ಪತ್ನಿಯ ಕೈಸೇರಿತು.

ಪದಕ ಬಂತು, ದೇಹ ಬರಲಿಲ್ಲ. ಘಾಡ್ಗೆಗೆ ಗುರುತಿಸಿದ ಸಮಾಧಿಯೇ ಇಲ್ಲ. ರೋಮ್‌ನಿಂದ ದಕ್ಷಿಣಕ್ಕಿರುವ ಕ್ಯಾಸಿನೊ ಸ್ಮಾರಕದಲ್ಲಿ, ಸಮಾಧಿ ಕಾಣದ 4,000ಕ್ಕೂ ಹೆಚ್ಚು ಸೈನಿಕರ ನಡುವೆ ಅವರದೂ ಒಂದು ಹೆಸರು. ಇಟಲಿಯಲ್ಲಿ ಹೋರಾಡಿದ ಭಾರತೀಯರು ಸುಮಾರು 50,000. ಮಡಿದವರು 5,782 ಮಂದಿ. ತಮ್ಮ ದೇಶವೇ ಇನ್ನೂ ಸ್ವತಂತ್ರವಾಗಿರದಿದ್ದಾಗ ಬೇರೊಂದು ನಾಡಿನ ಬಿಡುಗಡೆಗೆ ರಕ್ತ ಕೊಟ್ಟವರು ಇವರು. ನಮ್ಮ ಶಾಲಾಪಾಠಗಳಲ್ಲಿ ಇವರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂದು ಮನಸ್ಸು ಮರುಗುತ್ತದೆ.

ಮೊಂಟೋನೆ ಮರೆಯಲಿಲ್ಲ. 2023ರ ಜುಲೈನಲ್ಲಿ ಊರಾಡಳಿತ ಮತ್ತು ಇಟಲಿಯ ಸೇನಾ ಇತಿಹಾಸಕಾರರು ಸೇರಿ ಘಾಡ್ಗೆ ಹೆಸರಿನಲ್ಲಿ ಇಲ್ಲೊಂದು ಸ್ಮಾರಕ ತೆರೆದರು. ಅದು ಪ್ರತಿಮೆಯಲ್ಲ, ನೆರಳಿನಿಂದ ಹೊತ್ತು ತೋರಿಸುವ ಸೂರ್ಯಗಡಿಯಾರ. ನಾವೆಲ್ಲ ಬದುಕುವುದು ಒಂದೇ ಸೂರ್ಯನ ಕೆಳಗೆ ಎಂಬರ್ಥದ ಲ್ಯಾಟಿನ್ ಸಾಲು ಅದರ ಧ್ಯೇಯವಾಕ್ಯ. ಹುಡುಗನ ಸಾವನ್ನು ಆಯುಧದ ಚಿತ್ರದಿಂದಲ್ಲ, ಬೆಳಕಿನಿಂದ ನೆನೆಯಬೇಕೆಂದು ಆ ಜನಕ್ಕೆ ತೋಚಿತಲ್ಲ, ಅದು ದೊಡ್ಡದು. ಹುಟ್ಟೂರಿನ ಸೀಮೆಯಲ್ಲಿ, ಮಾಣಗಾಂವ್ ತಹಶೀಲ್ದಾರ್ ಕಚೇರಿಯ ಎದುರು, ಅವರ ಪ್ರತಿಮೆಯಿದೆ.

ಪೆರುಜಾದಿಂದ ಮೊಂಟೋನೆಗೆ ರಸ್ತೆಯಲ್ಲಿ ಒಂದು ಗಂಟೆಯೂ ಹಿಡಿಯದು. ರೋಮ್, ಫ್ಲಾರೆನ್ಸ್ ಎಂದು ಪ್ರವಾಸ ಹೋಗುವ ಕನ್ನಡಿಗರು ಅರ್ಧ ದಿನ ಬಿಡುವು ಮಾಡಿಕೊಂಡು ಈ ಗುಡ್ಡ ಹತ್ತಿ ಬರಲಿ.